ಸಿಗಡಿ ಕೆರೆ ಬಿಟ್ಟುಕೊಟ್ಟದ್ದು

ತೆಕ್ಕಟ್ಟೆಯ ಕಡೆ, ಹೊಳೆಬದಿಯಲ್ಲಿ, ನಾವು ಗುತ್ತಿಗೆಗೆ ಹಿಡಿದ ಸಿಗಡಿ ಕೆರೆ ಇತ್ತು. ನಮ್ಮ ಸಿಗಡಿ ಯಾವುದು, ಪಕ್ಕದವರದು ಯಾವುದು ಎಂದು ಅವನ್ನು ಹೆತ್ತವರೂ ಹೇಳಲಾರರು. ಲಾರಿ ತರುವ ಏಜೆಂಟ್ ಹೇಳಿದ್ದೇ ರೇಟು. ನಮ್ಮ ಯಜಮಾನರು ಒಂದು ರೂಪಾಯಿ ಜಾಸ್ತಿ ಕೇಳಿದರೂ ಲಾರಿ ಮುಂದಿನ ಕೆರೆಗೆ ಹೋಗುತ್ತಿತ್ತು.

ಆ ವರ್ಷ ಎಲ್ಲರ ಕೆರೆಯೂ ತುಂಬಿತ್ತು, ರೇಟು ನೆಲ ಕಚ್ಚಿತು. ನಮ್ಮ ಸಿಗಡಿ ಇನ್ನೂ ಅರ್ಧವಷ್ಟೇ ಬೆಳೆದಿತ್ತು. ಇವರು ಸಿಟ್ಟಿನಲ್ಲಿ, ನಾಳೆಯೇ ಹಿಡಿದು ಸಿಕ್ಕಿದ ರೇಟಿಗೆ ಮಾರಿಬಿಡುತ್ತೇನೆಂದು ಹೊರಟರು. ನನಗೆ ರೇಗಿತು.

“ಹ್ವಾಯ್, ಗುತ್ತಿಗಿ ಕೊಟ್ಟಾಯ್ತ್. ಈಗ ಬಿಟ್ರೂ ಅದ್ ವಾಪಾಸ್ ಬತ್ತಿಲ್ಲ. ಆಹಾರದ್ದ್, ಕರೆಂಟಿಂದ್ ಖರ್ಚ್ ಹುಟ್ಟಿ ಒಂಚೂರ್ ಉಳುದ್ರೂ ಸಾಕ್, ಈ ಬೆಳಿ ಮುಗ್ಸುವ. ಮತ್ತೆ ಬ್ಯಾಡ,” ಎಂದೆ.

ಮುಗಿಸಿದೆವು. ನಷ್ಟವಾಯಿತು, ಆದರೆ ಅಂದೇ ಕೈಬಿಟ್ಟಿದ್ದರೆ ಆಗುತ್ತಿದ್ದಷ್ಟಲ್ಲ. ಕಷ್ಟವಾದದ್ದು ಆ “ಮತ್ತೆ ಬ್ಯಾಡ” ಎಂಬ ಮಾತನ್ನು ನಡೆಸುವುದು. ಕೆರೆಯವರೆಲ್ಲ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಾ ಕುಡಿಯುತ್ತ, ಇನ್ನು ಈ ಸಹವಾಸವೇ ಬೇಡ ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಉಳಿದವರು ನಂಬಿ ಬಿಟ್ಟರೆ ತನಗೆ ರೇಟು ಬರುತ್ತದೆಂಬ ಲೆಕ್ಕ ಎಲ್ಲರದು. ಮರುವಾರ ನೋಡಿದರೆ ಎಲ್ಲರೂ ಹೊಸ ಬೆಳೆಗೆ ಸಿಗಡಿ ಮರಿ ತರಲು ಹೊರಟವರೇ! ಇವರೂ ಅದೇ ಪೈಕಿ. ಮೊದಲು ಬಿಟ್ಟವನನ್ನು ನೋಡಿ ಊರು ನಗುತ್ತದೆಂಬ ಹೆದರಿಕೆ ಇವರಿಗೆ. ಇನ್ನೊಂದು ಬೆಳೆ ಹೀಗೇ ಹೋದರೆ ಮನೆ ಹಿಂದಿನ ಗದ್ದೆಯೂ ಹೋಗುತ್ತದೆಂಬ ಹೆದರಿಕೆ ನನಗೆ. ಗುತ್ತಿಗೆ ಮುಗಿದ ದಿನ ನಾನೇ ಜೊತೆಗೆ ಹೋಗಿ, ಜಾಗದ ಧಣಿಗಳಿಗೆ ಇನ್ನು ಬೇಡವೆಂದು ಇವರ ಬಾಯಲ್ಲೇ ಹೇಳಿಸಿದೆ. ಬರುವಾಗ ದಾರಿಯುದ್ದಕ್ಕೂ ಇವರು ಕೆರೆಯ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದರು. ನನಗೋ ಹಾಯೆನಿಸಿತ್ತು.

ನಮ್ಮ ಹಿಂದೆ ಇನ್ನೂ ಕೆಲವರು ಬಿಟ್ಟರು. ರೇಟು ಮೆಲ್ಲಗೆ ಏರಿತು. ಬಿಡದೆ ಉಳಿದಿದ್ದ ಪಕ್ಕದ ಕೆರೆಯವರು ಒಂದು ಮಧ್ಯಾಹ್ನ ಮನೆಗೆ ಬಂದು, ನೀವು ಸ್ವಲ್ಪ ತಡೆದಿದ್ದರೆ ಆಗುತ್ತಿತ್ತು ಎಂದರು. ಇವರ ಮುಖ ಸಪ್ಪಗಾಯಿತು. ನಾನೇ ತಪ್ಪಿದೆನೇನೋ ಎಂದು ನನಗೂ ಅನ್ನಿಸಿತು. ತೋರಿಸಿಕೊಳ್ಳದೆ ಇಬ್ಬರನ್ನೂ ಊಟಕ್ಕೆ ಕೂರಿಸಿದೆ.

ಎರಡು ತುತ್ತು ತಿನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಕೆರೆಗೆ ಗಾಳಿ ಕೊಡುವ ಚಕ್ರ ನಿಂತರೆ ಸಿಗಡಿ ಉಸಿರುಕಟ್ಟಿ ಸಾಯುತ್ತವೆ. ಇಬ್ಬರೂ ಎಂಜಲು ಕೈಯಲ್ಲೇ ಎದ್ದರು. ಪಕ್ಕದವರು ಜನರೇಟರ್ ಹಾಕಲು ಬರಿಗಾಲಲ್ಲೇ ಬೈಕ್ ಹತ್ತಿ ಹೋದರು. ಇವರು ಬಾಗಿಲವರೆಗೆ ಓಡಿ, ಅಲ್ಲೇ ನಿಂತು, ತಿರುಗಿ ಬಂದು ಬಟ್ಟಲಿನ ಮುಂದೆ ಕುಳಿತರು.

“ಕರೆಂಟ್ ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ,” ಎಂದರು. “ಇನ್ನೊಂಚೂರ್ ಅನ್ನ ಹಾಕ್.”