ರೂತಕ್ಕ ಮತ್ತು ಎದೋಮಿನ ಶಾಪ

ಬೈಬಲ್ಲಿನ ಪ್ರವಾದಿಗಳ ಮಾತಿನಲ್ಲಿ ಶಾಪ ಬಂದರೆ ಸಾಕು, ರೂತಕ್ಕ ಅಲ್ಲಿದ್ದ ಊರಿನ ಹೆಸರು ತೆಗೆದು ತನ್ನ ಹೆಸರು ಹಾಕಿ ಓದುತ್ತಿದ್ದಳು. “ರೂತವ್ವಾ, ನಿನ್ನ ಸೊಕ್ಕು ಮಣ್ಣಾಗ್ತದ!” ಎಂದು ಎದೆಗೆ ಕೈಯಿಟ್ಟು ತನ್ನನ್ನೇ ಗದರಿಕೊಳ್ಳುವಾಗ, ಚಿಂಬಲ್ ಕೊಳೆಗೇರಿಯ ತಗಡಿನ ಕೋಣೆಯಲ್ಲಿ ಪ್ರಾರ್ಥನೆಗೆ ಕೂತ ಗಾರೆ ಕೆಲಸದವರು ನಗುತ್ತಿದ್ದರು.

“ನಗ್ರಿ, ನಗ್ರಿ. ಬೈಗುಳ ಎಲ್ಲಾ ಮಗ್ಗಲಮನಿಯವ್ರಿಗೇ ಬಂದಾವು ಅಂತ ತಿಳದ್ರ ಭಾಳ ಆರಾಮ ನೋಡ್ರಿ,” ಅನ್ನುತ್ತಿದ್ದಳು.

ನನಗೆ ಆ ಪದ್ಧತಿ ಬೇಕಿರಲಿಲ್ಲ. ಬೇಕಾಗಿದ್ದದ್ದು ನನ್ನ ತಮ್ಮ ಸಮುವೇಲನ ನಾಶ. ಇಬ್ಬರೂ ಸೇರಿ ಕಟ್ಟಿದ ಮನೆಯನ್ನು ತನ್ನದೆಂದು ಹೇಳಿ, ನನ್ನನ್ನೂ ಕಾಯಿಲೆಯ ಹೆಂಡತಿಯನ್ನೂ ಮಳೆಗಾಲದಲ್ಲಿ ಹೊರಹಾಕಿದ್ದ. ಅವಳು ಆ ಮಳೆಗಾಲ ದಾಟಲಿಲ್ಲ. ಎದೋಮ್ ಎಂದರೆ ಯಾಕೋಬನ ಅಣ್ಣ ಏಸಾವನ ಕುಲ. ಒಡಹುಟ್ಟಿದ ಕುಲಕ್ಕೇ ದ್ರೋಹ ಬಗೆದದ್ದು. ಅದಕ್ಕೆ ಪ್ರವಾದಿ ಹಾಕಿದ ಶಾಪ ನನಗಾಗಿ ಹೇಳಿ ಮಾಡಿಸಿದಂತಿತ್ತು. ಪ್ರತಿ ಭಾನುವಾರ ಬಾಗಿಲ ಬಳಿ ಕೂರುತ್ತಿದ್ದ ಸಮುವೇಲನನ್ನೇ ನೋಡುತ್ತಾ ಗಟ್ಟಿಯಾಗಿ ಓದುತ್ತಿದ್ದೆ.

ಒಂದು ಬೆಳಿಗ್ಗೆ, ಅನಧಿಕೃತ ಎಂದು ಅವನ ಮನೆಗೆ ಜೆಸಿಬಿ ಬಂತು. ನಾನು ಎದುರಿನ ಚಹಾದ ಗಾಡಿಯ ಬಳಿ ಲೋಟ ಹಿಡಿದು ನಿಂತೆ. ಗೋಡೆ ಬಿದ್ದಾಗ, “ಪ್ರವಾದನೆ ನೆರವೇರಿತು ನೋಡ್ರೋ!” ಎಂದು ಕೂಗಿದೆ. ಆ ಚಹಾದ ರುಚಿ ಈಗಲೂ ನಾಲಗೆಯ ಮೇಲಿದೆ.

ಸಮುವೇಲನ ಪಾತ್ರೆ ಹೊತ್ತು ತರುತ್ತಿದ್ದ ರೂತಕ್ಕ ನನ್ನ ಮುಂದೆ ನಿಂತಳು.

“ಯೋಸೇಫಾ, ಎದೋಮಗ ಶಾಪ ಯಾಕ ಬಂತು?”

“ಸೊಕ್ಕಿಗೆ.”

“ಮುಂದ ಓದೇ ಇಲ್ಲೇನು? ತಮ್ಮನ ಊರು ಹಾಳಾಗೂ ದಿನ ಅಂವ ಎದುರಿಗೆ ನಿಂತು ನೋಡಿ ಖುಷಿಪಟ್ಟ. ಚಹಾ ಕುಡದ್ನೋ ಇಲ್ಲೋ, ಅದೊಂದು ಬರದಿಲ್ಲ. ಹಿಡಿ ಈ ಕೊಡಾ.”

ಹಿಡಿಯಲಿಲ್ಲ. “ನನ್ನ ಹೇಣ್ತಿ ಸಾಯುವಾಗ ಇಂವ ಏನ್ ಹೊತ್ತಿದ್ದ?” ಎಂದೆ.

“ಏನೂ ಹೊರಲಿಲ್ಲ. ಖರೇ ಐತಿ,” ಎಂದವಳು ಕೊಡವನ್ನು ಸೊಂಟಕ್ಕೇರಿಸಿ ನಡೆದಳು.

ರೂತಕ್ಕ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ ಅದೇ ಅಧ್ಯಾಯ ಓದಿಸಿದಳು. “ಹೆಸರು ಹಾಕು,” ಎಂದಳು. ನಾನು “ಸಮುವೇಲಾ” ಎಂದೆ. ಅವಳು ಗೋಡೆಯ ಕಡೆ ಹೊರಳಿದಳು. ಅವಳನ್ನು ಜೀವಂತ ಕಂಡದ್ದು ಅದೇ ಕೊನೆ.

ಈಗ ಭಾನುವಾರ ಅವಳ ಜಾಗದಲ್ಲಿ ಕೂತು ನಾನೇ ಓದುತ್ತೇನೆ. ಶಾಪ ಬಂದಲ್ಲಿ “ಯೋಸೇಫಾ” ಎನ್ನುತ್ತೇನೆ. ಆದರೂ, ದೇವರು ಕ್ಷಮಿಸಲಿ, ಕಣ್ಣು ಮಾತ್ರ ಬಾಗಿಲ ಬಳಿಯ ಸಮುವೇಲನ ತುಟಿಯ ಮೇಲಿರುತ್ತದೆ: ಅವನೂ ತನ್ನ ಹೆಸರು ಹಾಕಿಕೊಳ್ಳುತ್ತಿದ್ದಾನೋ ಇಲ್ಲವೋ ಎಂದು.