ಗದ್ದುಗೆ ಬಿಟ್ಟು ರಸ್ತೆಗೆ ಬಂದ ಅಜ್ಜಿ

ಹೆಂಗಸೊಬ್ಬಳು ಎರಡೂ ಕೈ ಚಾಚಿ ನಮ್ಮ ಕಾರಿಗೆ ಅಡ್ಡ ನಿಂತಳು. ನಾನು ಬ್ರೇಕ್ ಒತ್ತಿದೆ. ಕಾರು ಅವಳ ಸೀರೆಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿ ಮೈದುನ ಅತ್ತೆಯ ತೊಡೆಯ ಮೇಲೆ ಮಲಗಿದ್ದ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಹಾವು ಕಚ್ಚಿ ಅವನ ಕಾಲು ಊದಿತ್ತು. ದುದ್ದದ ಕಡೆಯಿಂದ ಮಂಡ್ಯದ ಆಸ್ಪತ್ರೆಗೆ ಹೊರಟಿದ್ದೆವು.

ದಾರಿಯಲ್ಲಿ ಮಾದಜ್ಜಿಯ ಗದ್ದುಗೆಯಿದೆ. ಬದುಕಿದ್ದಾಗ ಆಕೆಯನ್ನು ಮಾಟಗಾತಿ ಎಂದು ಹೆದರುತ್ತಿದ್ದವರೇ ಹಾವು ಕಚ್ಚಿದರೆ ಆಕೆಯ ಬಾಗಿಲಿಗೆ ಓಡುತ್ತಿದ್ದರಂತೆ. ಆಕೆ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೂ ಕಚ್ಚಿಸಿಕೊಂಡವರು ತಣ್ಣೀರು ಸುರಿದುಕೊಂಡು, ಗದ್ದುಗೆ ಸುತ್ತಿ, ದಾರ ಕಟ್ಟಿಸಿಕೊಂಡೇ ಮುಂದೆ ಹೋಗಬೇಕು.

“ಸುತ್ತಿಸ್ದೆ ಓದ್ರೆ ಅಜ್ಜಿ ಮುನಿಸ್ಕತ್ತಾಳೆ, ನಿಲ್ಸವ್ವ” ಎಂದು ಅತ್ತೆ ದಾರಿಯುದ್ದಕ್ಕೂ ಅಳುತ್ತಿದ್ದರು. ನಡೆಸಿದರೆ ವಿಷ ಏರುತ್ತದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಅಡ್ಡ ನಿಂತವಳು ಮಾದಜ್ಜಿಯ ಮೊಮ್ಮಗಳು. ಗದ್ದೆಯಿಂದ ಯಾರೋ ಅವಳಿಗೆ ಫೋನ್ ಮಾಡಿದ್ದರಂತೆ. ಅತ್ತೆ ಇಳಿಯಲು ಬಾಗಿಲು ತೆಗೆಯುವಷ್ಟರಲ್ಲಿ ಅವಳು ಕಿಟಕಿಯಿಂದಲೇ ಕೈ ಹಾಕಿ ಮೈದುನನ ಮಣಿಕಟ್ಟಿಗೆ ಸಡಿಲವಾಗಿ ಅರಿಶಿನದ ದಾರ ಕಟ್ಟಿದಳು.

“ಇಳೀಬ್ಯಾಡಿ ಕಣವ್ವ! ಗದ್ದುಗೆ ಬುಟ್ಟು ಅಜ್ಜಿನೇ ರೋಡ್ಗೆ ಬಂದವ್ಳೆ. ನಡೀರಿ ಆಸ್ಪತ್ರೆಗೆ!”

ಅತ್ತೆ ಕೈ ಮುಗಿದು ಬಾಗಿಲು ಹಾಕಿಕೊಂಡರು.

ಮೈದುನ ಉಳಿದ. ಅವಳ ಮೇಲೆ ಕಾರು ಹರಿದಿದ್ದರೆ ಎಂಬ ನಡುಕ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳನ್ನು ಕಂಡು ಮಾತಾಡಿಸಲು ಹೋದ ದಿನ, ಅಜ್ಜಿಯ ಮಂತ್ರ ಕಲಿತಿದ್ದೀಯಾ ಎಂದು ಕೇಳಿದೆ. “ಒಂದೂ ಬರಾಕಿಲ್ಲ ಕಣಕ್ಕ. ಆದ್ರೆ ಅಜ್ಜಿ ಯೋಳವ್ಳೆ ಅಂದ್ರೆ ಜನ ಕೇಳ್ತಾರೆ” ಅಂದಳು.