ವೈನಿ ಕಲಿತ ಜರ್ಮನ್

ವೈನಿ, ಆ ಸಂಜೆಯ ಊಟ ರದ್ದಾಗಿರಲಿಲ್ಲ. ಹೆಲ್ಗಾಬಾಯಿಗೆ ಹೊಟ್ಟೆ ಕೆಟ್ಟಿರಲಿಲ್ಲ. ಬೀದರಿನ ಆ ಹೋಟೆಲಿನಲ್ಲಿ ಅವರು, ಅವರ ಗಂಡ ಮತ್ತು ನಾನು ಕೂತು ಚೆನ್ನಾಗಿಯೇ ಉಂಡೆವು. ನಿಮಗೆ ಫೋನಿನಲ್ಲಿ ಹೇಳಿದ್ದು ಸುಳ್ಳು — ಬಾಯಿ ತಪ್ಪಿ ಬಂದದ್ದಲ್ಲ, ಬೆಳಗಿನಿಂದ ಕೂತು ಯೋಚಿಸಿ ಹೇಳಿದ ಸುಳ್ಳು.

ಇದನ್ನು ನಿಮ್ಮೆದುರು ಕೂತು ಹೇಳಬೇಕು, ಹೇಳುತ್ತೇನೆ ಕೂಡ. ಆದರೆ ನಿಮ್ಮೊಬ್ಬರಿಗೇ ಹೇಳಿ ಕೈತೊಳೆದುಕೊಂಡರೆ ಸಾಲದು ಅನಿಸಿದೆ. ಈ ಏಳೆಂಟು ವರ್ಷಗಳಲ್ಲಿ ಆ ದಿನದ ಕತೆಯನ್ನು ನೀವು ಅರ್ಧ ಭಾಲ್ಕಿಗೆ ಹೇಳಿದ್ದೀರಿ. ನಾನೂ ನಾಲ್ಕು ಜನರ ಮುಂದೆಯೇ ಒಪ್ಪಿಕೊಳ್ಳಬೇಕು. ಅದಕ್ಕೇ, ಎಲ್ಲರೂ ಓದಲೆಂದು, ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನೀವು ನನ್ನ ಅಣ್ಣನ ಹೆಂಡತಿ. ಔರಾದ ತಾಲ್ಲೂಕಿನ ಎಕಂಬಾದಿಂದ ಭಾಲ್ಕಿಯ ನಮ್ಮ ಮನೆಗೆ ನೀವು ಬಂದಾಗ ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆಗಿನಿಂದಲೂ ನಿಮ್ಮ ನಾಲಿಗೆ ಕಂಡರೆ ನನಗೆ ಬೆರಗು. ಕನ್ನಡ, ಮರಾಠಿ ತವರಿನಿಂದಲೇ ತಂದಿರಿ. ಬಳೆಗಾರ್ತಿಯ ಜೊತೆ ಚೌಕಾಸಿ ಮಾಡುತ್ತ ಮಾಡುತ್ತ ದಖನಿ ಉರ್ದು ಕಲಿತಿರಿ. ಪಕ್ಕದ ಮನೆಗೆ ಜಹೀರಾಬಾದ್ ಕಡೆಯ ಸೊಸೆ ಬಂದಾಗ, ಪಾಪ ಆ ಹುಡುಗಿಗೆ ಮಾತಾಡಲು ಯಾರೂ ಇಲ್ಲವೆಂದು ತೆಲುಗು ಕಲಿತಿರಿ. ತಪ್ಪು ಮಾತಾಡುವುದು, ಎದುರಿನವರನ್ನು ನಗಿಸುವುದು, ಅವರಿಗಿಂತ ಜೋರಾಗಿ ತಾವೇ ನಗುವುದು, ಮತ್ತೆ ಅದನ್ನೇ ಸರಿಯಾಗಿ ಹೇಳುವುದು — ಇಷ್ಟೇ ನಿಮ್ಮ ಪಾಠಶಾಲೆ. ನಾನೋ, ಇಂಗ್ಲಿಷನ್ನು ಕೂಡ ಮನಸ್ಸಿನೊಳಗೆ ಜೋಡಿಸಿಕೊಳ್ಳದೆ ಬಾಯಿ ತೆರೆಯದವನು.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ನನ್ನದು ಕಾಳುಕಡಿಯ ದಲಾಲಿ ಅಂಗಡಿ. ಪಾಲುದಾರ ಶಾಂತಿಲಾಲಜಿಯ ಜೊತೆ ಸೇರಿ ಆಗಷ್ಟೇ ಒಂದು ಬೇಳೆ ಮಿಲ್ಲು ಹಾಕಿದ್ದೆ. ಬಣ್ಣ ನೋಡಿ ಬೇಳೆ ಆರಿಸುವ ಯಂತ್ರ ಜರ್ಮನಿಯಿಂದ ಬಂತು; ಅದನ್ನು ಕೂಡಿಸಲು ಒಬ್ಬ ಎಂಜಿನಿಯರ್ ಬರುವವನಿದ್ದ, ಜೊತೆಗೆ ಹೆಂಡತಿ ಹೆಲ್ಗಾ. ಊರಿಗೆ ಹೊರಡುವ ಹಿಂದಿನ ಸಂಜೆ ನಮ್ಮ ಮನೆಯ ಹೆಣ್ಣುಮಕ್ಕಳ ಜೊತೆ ಕೂತು ಉಣ್ಣಬೇಕೆಂದು ಆಕೆಯ ಆಸೆ ಎಂದು ಮೊದಲೇ ತಿಳಿಸಿದ್ದರು. ಆ ದಿನಗಳಲ್ಲಿ ನನ್ನ ಹೆಂಡತಿ ತನ್ನ ತಮ್ಮನ ಮಗುವಿನ ನಾಮಕರಣಕ್ಕೆ ಕಮಲನಗರಕ್ಕೆ ಹೋಗುವುದಿತ್ತು. ವೈನಿಯವರನ್ನು ಕರೆಯಿರಿ, ನನಗಿಂತ ಅವರೇ ಸರಿ ಎಂದಳು. ನಿಮಗೆ ಫೋನು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡು, ಅವರ ಭಾಷೆ ಯಾವುದೆಂದು ಕೇಳಿದಿರಿ.

ಸಂಜೆ ಹೊರಗೆ ಊಟಕ್ಕೆ ಹೋದರೆ ಬೇಕಾಗುವ ಜರ್ಮನ್ ಮಾತುಗಳು — ಹಿಂದಿಯಲ್ಲಿ ಅರ್ಥ ಹೇಳುವ ಇಂಥ ಒಂದು ವಿಡಿಯೋ ನನ್ನ ಫೋನಿನಲ್ಲಿತ್ತು. ಗಂಜಿನ ತುಂಬ ನಾನು ಜರ್ಮನ್ ಕಲಿಯುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಅದರ ಬಂಡವಾಳ ಅಷ್ಟೇ. ಅದನ್ನೇ ನಿಮಗೂ ಕಳಿಸಿದೆ. ಮುಂದಿನ ಭಾನುವಾರ ನಾನು ಭಾಲ್ಕಿಗೆ ಬಂದಾಗ ನೀವು ರೊಟ್ಟಿ ಬಡಿಯುತ್ತಿದ್ದಿರಿ, ಪಕ್ಕದಲ್ಲಿ ಫೋನು ತಾನೇ ಮಾತಾಡುತ್ತಿತ್ತು, ಒಂದೊಂದು ಮಾತಿಗೆ ಒಂದೊಂದು ಬಡಿತ. ಅಣ್ಣ ಚಹಾ ಮುಗಿಸಿದ್ದ. "ನೋಖ್ ಐನ್ ಬಿಯರ್?" ಎಂದು ಅವನನ್ನು ಕೇಳಿದಿರಿ. ಇನ್ನೊಂದು ಬಿಯರ್ ಬೇಕೇ ಎಂದು ಅದರ ಅರ್ಥ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕೂತಿದ್ದ ಅಣ್ಣ ಏನೂ ತಿಳಿಯದೆ ಹ್ಞೂಂ ಅಂದ. ನೀವು ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಿರಿ.

ಆದರೆ ಆ ವಿಡಿಯೋದ ಬಗ್ಗೆ ನಿಮಗೆ ಸಮಾಧಾನವಿರಲಿಲ್ಲ. ಇಬ್ಬರಿಗೆ ಟೇಬಲ್ ಇದೆಯೇ, ಬಿಲ್ಲು ತನ್ನಿ, ಟ್ಯಾಕ್ಸಿ ಕರೆಯಿರಿ — ಇಷ್ಟು ಮಾತಿನಲ್ಲಿ ಸಂಜೆ ಕಳೆಯುವ ಜನರಿದ್ದಾರೆಯೇ ಎಂದು ಕೇಳಿದಿರಿ. "ದೂರದಿಂದ ಬಂದಾಕಿಗಿ ಮೊದಲ ಮನ್ಯಾಗ ಅವ್ವ ಹ್ಯಾಂಗಿದ್ದಾಳ ಅಂತ ಕೇಳಬೇಕೋ ಬ್ಯಾಡೋ? ಅದನ್ನ ಹುಡಿಕಿ ಕೊಡು" ಎಂದಿರಿ. ಹುಡುಕಿ ಕೊಟ್ಟೆ: ವೀ ಗೇಟ್ ಎಸ್ ಈರರ್ ಮುಟರ್. ಆ ವಾರವೆಲ್ಲ ನೀವು ಅದನ್ನು ಹಾಲಿನವನಿಗೆ, ಬೀಗರಿಗೆ, ಕಟ್ಟೆಯ ಮೇಲೆ ಕೂತ ಮುದುಕಿಯರಿಗೆ — ಸಿಕ್ಕವರಿಗೆಲ್ಲ ಕೇಳಿದಿರಂತೆ.

ಆಮೇಲೆ ಬಂತು ಆಗ್ರಹದ ಪ್ರಶ್ನೆ. ನಮ್ಮಲ್ಲಿ ಉಣ್ಣುವವರು ಬೇಡವೆನ್ನಬೇಕು, ಬಡಿಸುವವರು ಬಿಡಬಾರದು. ಬೇಡವೆಂದೊಡನೆ ಸೌಟು ಹಿಂದಕ್ಕೆ ತೆಗೆದವರನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ. ಜರ್ಮನಿಯವರ ಬೇಡ ಎಷ್ಟು ಸಲದ ಬೇಡ ಎಂದು ಕೇಳಿದಿರಿ. ಅವರಲ್ಲಿ ಮೊದಲ ಸಲವೇ ಬೇಡ ಅಂದರೆ ಬೇಡವಂತೆ ಎಂದೆ. "ಹಂಗಾರ ನಾ ಕೇಳೂದೇ ಇಲ್ಲ ಬಿಡು. ಮೊದಲ ಹಾಕ್ತೇನಿ, ಆಮ್ಯಾಲ ಕೇಳ್ತೇನಿ" ಎಂದಿರಿ.

ನಾನು ನಕ್ಕೆ. ಆದರೆ ಹೋಟೆಲಿನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಾಗಿ, ನೀವು ಕೈಯಿಂದ ಅವರ ತಟ್ಟೆಗೆ ಹೋಳಿಗೆ ಹಾಕುವುದು ಕಣ್ಣ ಮುಂದೆ ಬಂತು. ಮರ್ಯಾದೆ ಹೋಗುತ್ತದೆ ಎಂಬ ಆ ಹೆದರಿಕೆಯೇ ನನ್ನಿಂದ ಸುಳ್ಳು ಹೇಳಿಸಿತು ಎಂದು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ನಿಜ ಬೇರೆ.

ಆ ಸಂಜೆಗೆ ಎರಡು ದಿನ ಮೊದಲು ಶಾಂತಿಲಾಲಜಿ ನನ್ನ ಜೊತೆ ಭಾಲ್ಕಿಗೆ ಬಂದಿದ್ದರು, ನೆನಪಿದೆಯೇ? ನಮ್ಮಿಬ್ಬರ ಜರ್ಮನ್ ಮಾತಾಡಿಸಿ ಕೇಳಿದರು. ನಾನು ಕಷ್ಟಪಟ್ಟು ಒಂದೊಂದೇ ಪದ ಇಟ್ಟೆ. ನೀವು ಅಡುಗೆಮನೆಯಿಂದಲೇ ಉತ್ತರ ಕೊಟ್ಟಿರಿ, ನಿನ್ನೆ ಮೊನ್ನೆ ಜರ್ಮನಿಯಲ್ಲೇ ಇದ್ದು ಬಂದವರ ಹಾಗೆ. ಮರಳುವ ದಾರಿಯಲ್ಲಿ ಅವರು ಸುಮ್ಮನೆ ಒಂದು ಮಾತು ಅಂದರು: "ರಾಜು, ನಿಮ್ಮ ವೈನಿನೇ ಮಾತಾಡ್ಲಿ. ನೀವು ಬಿಲ್ಲು ನೋಡ್ಕೋರಿ ಸಾಕು." ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಮಾತ್ರ ಅದು ಚುಚ್ಚಿತು. ಅದು ಹೊಟ್ಟೆಕಿಚ್ಚು, ವೈನಿ. ನನಗೆ ಊಟ ಬಡಿಸಿ ಬೆಳೆಸಿದವರ ಮೇಲೆ ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ.

ಜೈನರಾದ ಶಾಂತಿಲಾಲಜಿ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಆದ್ದರಿಂದ ಅವರು ಬರುವುದಿರಲಿಲ್ಲ. ನೋಡುವವರೇ ಇಲ್ಲದ ಮೇಲೆ ಸುಳ್ಳಿಗೆ ದಾರಿ ಸಲೀಸು. ಊಟದ ದಿನ ಮಧ್ಯಾಹ್ನ ನಿಮಗೆ ಫೋನು ಮಾಡಿ, ಹೆಲ್ಗಾಬಾಯಿಗೆ ಹೊಟ್ಟೆ ಕೆಟ್ಟಿದೆ, ಊಟ ರದ್ದು ಎಂದೆ. ನೀವು ಆಗಲೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಿರೆಂದು ಅಣ್ಣ ಆಮೇಲೆ ಹೇಳಿದ. ಬೇಸರ ತೋರಿಸುತ್ತೀರಿ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಿಮ್ಮನ್ನು ಇಷ್ಟು ವರ್ಷ ನೋಡಿಯೂ —

ನೀವು ಸೀರೆ ಬದಲಿಸಿ ಜೋಳದ ನುಚ್ಚು ಬೇಯಿಸಿದಿರಿ. ಮಜ್ಜಿಗೆ ಬೆರೆಸಿ, ಜೀರಿಗೆ ಹಾಕಿ, ಡಬ್ಬಿಗೆ ತುಂಬಿ, ಸದಾ ಮಾಡುವಂತೆ ಬೀದರ್ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಿರಿ. ಆಮೇಲೆ ನನಗೆ ಫೋನು. "ಬಸ್ ಸ್ಟ್ಯಾಂಡಿಗಿ ಹೋಗಿ ಡಬ್ಬಿ ಇಸ್ಕೋ. ಆಕಿ ಕೈಯಾಗ ಕೊಟ್ಟು, ಗೂಟೆ ಬೆಸ್ಸರುಂಗ್ ಅಂತ ನಾ ಅಂದೀನಿ ಅಂತ ಹೇಳು. ಲಗೂ ಆರಾಮಾಗ್ರಿ ಅಂತ ಅರ್ಥ. ಈಗ ಕಲತೀನಿ." ಊಟ ತಪ್ಪಿದ ಮಧ್ಯಾಹ್ನದಲ್ಲಿ, ಒಲೆ ಮುಂದೆ ನಿಂತು, ಕಾಣದ ಒಬ್ಬ ಹೆಂಗಸಿಗಾಗಿ ಇನ್ನೊಂದು ಮಾತು ಕಲಿತಿದ್ದಿರಿ. ನನ್ನಿಂದ ಅದು ಇವತ್ತಿಗೂ ಆಗದು.

ಬಿಸಿ ಡಬ್ಬಿಯನ್ನು ಕಾರಿನಲ್ಲಿಟ್ಟು ಹೋಟೆಲಿಗೆ ಹೋದೆ. ಹೆಲ್ಗಾಬಾಯಿ ಹೊಸ ಬಳೆ ತೊಟ್ಟು ಬಂದಿದ್ದರು, ಕಣ್ಣು ನನ್ನ ಬೆನ್ನ ಹಿಂದೆ ನಿಮ್ಮನ್ನು ಹುಡುಕುತ್ತಿತ್ತು. ವೈನಿಗೆ ಹೊಟ್ಟೆ ನೋವು, ಬರಲಾಗಲಿಲ್ಲ ಎಂದೆ. ಅವರಿಗೆ ನಿಮ್ಮ ಹೊಟ್ಟೆ ನೋವು, ನಿಮಗೆ ಅವರ ಹೊಟ್ಟೆ ನೋವು! ಆಕೆ ನಿಜವಾಗಿಯೂ ನೊಂದುಕೊಂಡರು. ಗೂಟೆ ಬೆಸ್ಸರುಂಗ್ ಎಂದು ನಿಮ್ಮ ವೈನಿಗೆ ಹೇಳಿ ಎಂದರು. ಹೌದು, ಅದೇ ಮಾತು. ಇಬ್ಬರೂ ಒಂದೇ ದಿನ ಒಬ್ಬರಿಗೊಬ್ಬರು ಕಳಿಸಿದಿರಿ, ನಾನು ಎರಡನ್ನೂ ನುಂಗಿದೆ.

ಊಟದ ನಡುವೆ ಮಾತು ಮುಗಿದುಹೋಯಿತು. ನನ್ನ ಟೇಬಲ್ಲು, ಟ್ಯಾಕ್ಸಿ ಎಲ್ಲ ಖರ್ಚಾಗಿದ್ದವು. ಆಗ ನಿಮ್ಮ ಪ್ರಶ್ನೆಯನ್ನು ತೆಗೆದೆ. ವೀ ಗೇಟ್ ಎಸ್ ಈರರ್ ಮುಟರ್? ಆಕೆ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಜರ್ಮನ್ನಿನಲ್ಲಿ ಹೇಳುತ್ತಲೇ ಹೋದರು, ಕಣ್ಣಲ್ಲಿ ನೀರು. ತಾಯಿಗೆ ಮಗಳ ಗುರುತೂ ಹತ್ತುವುದಿಲ್ಲ ಎಂದು ಗಂಡ ಇಂಗ್ಲಿಷಿನಲ್ಲಿ ತಿಳಿಸಿದ. ಈ ದೇಶದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ ಎಂದರಂತೆ ಆಕೆ. ನಾನು ತಲೆಯಾಡಿಸುತ್ತ ಕೂತೆ. ನೀವಿದ್ದಿದ್ದರೆ ಭಾಷೆ ತಿಳಿಯದಿದ್ದರೂ ಎದ್ದು ಹೋಗಿ ಅವರ ಪಕ್ಕ ಕೂರುತ್ತಿದ್ದಿರಿ, ಬೆನ್ನ ಮೇಲೆ ಕೈ ಇಡುತ್ತಿದ್ದಿರಿ. ಹೀಗೆ ಕೇಳುವುದನ್ನು ಯಾರು ಕಲಿಸಿದರು ಎಂದು ಆಕೆ ಕೇಳಿದಾಗ ನಾನು ಅಂದದ್ದು ಇಷ್ಟು: "ನಾನೇ ಕಲಿತೆ."

ಮರುದಿನ ಬೆಳಿಗ್ಗೆ ಆ ನುಚ್ಚನ್ನು ನಾನೇ ಉಂಡೆ. ಸ್ವಲ್ಪ ಹುಳಿಯೇರಿತ್ತು, ರುಚಿಯಾಗಿತ್ತು, ಬೆರಳು ಹಾಕಿ ಡಬ್ಬಿ ಬಳಿದು ತಿಂದೆ. ತೊಳೆದು ಅದೇ ಕಂಡಕ್ಟರನ ಕೈಯಲ್ಲಿ ತಿರುಗಿ ಕಳಿಸಿ, ಹೆಲ್ಗಾಬಾಯಿ ಪೂರ್ತಿ ಉಂಡರು, ಆರಾಮಾದರು ಎಂದು ಫೋನು ಮಾಡಿದೆ. ಅಲ್ಲಿಂದ ನಿಮ್ಮ ಕತೆ ಶುರುವಾಯಿತು. ಓಣಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ನಿಮ್ಮ ನುಚ್ಚು ಹೋಗುತ್ತದೆ. ಜರ್ಮನಿಯವರೂ ಇದನ್ನೇ ಉಂಡು ಎದ್ದು ಕೂತರು ಎಂದು ಹೇಳುತ್ತೀರಿ. ಜನ ನಿಮ್ಮನ್ನು ಜರ್ಮನ್ ಡಾಕ್ಟರ್ ಎಂದು ಕರೆದಾಗ ನೀವು ಗತ್ತಿನಿಂದ ನಗುತ್ತೀರಿ. ಆ ನಗುವಿಗೆ ಕೈ ಹಚ್ಚಲು ಧೈರ್ಯವಾಗದೆ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ, ನನ್ನ ಮುಖ ಉಳಿಸಿಕೊಳ್ಳುವುದೂ ಅದರಲ್ಲಿತ್ತು.

ಇನ್ನೂ ಒಂದಿದೆ. ಹೆಲ್ಗಾಬಾಯಿ ಪ್ರತಿ ಹೊಸ ವರ್ಷಕ್ಕೆ ನನಗೆ ಸಂದೇಶ ಕಳಿಸುತ್ತಾರೆ. ತಾಯಿ ತೀರಿಕೊಂಡದ್ದನ್ನೂ ಬರೆದಿದ್ದರು. ಕೊನೆಯ ಸಾಲು ಯಾವಾಗಲೂ ನಿಮ್ಮ ಬಗ್ಗೆ: ನಿಮ್ಮ ವೈನಿ ಹೇಗಿದ್ದಾರೆ, ಆಮೇಲೆ ಹೊಟ್ಟೆ ನೋವು ಬರಲಿಲ್ಲವಷ್ಟೇ? ಚೆನ್ನಾಗಿದ್ದಾರೆ ಎಂದು ಉತ್ತರಿಸುತ್ತೇನೆ. ನಿಮಗೆ ಒಮ್ಮೆಯೂ ತಿಳಿಸಲಿಲ್ಲ.

ಹೋದ ವಾರ ನೀವು ಕೇಳಿದಿರಿ: "ರಾಜು, ಆಕಿ ನಂಬರ್ ಅದ ಏನ? ಈಗ ಮಕಾ ನೋಡಿ ಮಾತಾಡ್ಲಿಕ್ಕಿ ಬರ್ತದಲ್ಲ. ಹೊಟ್ಟಿ ಹ್ಯಾಂಗದ ಒಮ್ಮಿ ಕೇಳ್ತೇನಿ." ನಂಬರು ಇಲ್ಲ ಎಂದುಬಿಡುವುದು ನನಗೆ ಎಷ್ಟು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಹುಡುಕಿ ಕೊಡುತ್ತೇನೆ ಎಂದು ಫೋನು ಇಟ್ಟು, ಇದನ್ನು ಬರೆಯಲು ಕೂತೆ.

ನಾಳಿದ್ದು ಭಾಲ್ಕಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಅಣ್ಣನ ಮುಂದೆ, ಬಾಗಿಲು ತೆರೆದಿಟ್ಟು, ಬಾಯಿಂದ ಹೇಳುತ್ತೇನೆ. ಹೆಲ್ಗಾಬಾಯಿಗೂ ಬರೆದು ಕಳಿಸಿದ್ದೇನೆ — ತಾಯಿಯ ಬಗೆಗಿನ ಆ ಪ್ರಶ್ನೆ ನನ್ನದಲ್ಲ, ನಿಮ್ಮದು ಎಂದು. ನೀವು ಬರಲಿಲ್ಲವೆಂದಲ್ಲ, ನಾನು ಬರಗೊಡಲಿಲ್ಲವೆಂದು. ಇನ್ನೂ ಉತ್ತರ ಬಂದಿಲ್ಲ. ನಂಬರನ್ನು ನಿಮ್ಮ ಫೋನಿಗೆ ಹಾಕಿಕೊಡುತ್ತೇನೆ. ನೀವಿಬ್ಬರೂ ಮಾತಾಡುವಾಗ ನಾನು ನಡುವೆ ಇರುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಮಾತು ಮುಗಿದ ಮೇಲೆ ನೀವು ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ ಬೀದರ್ ಬಸ್ಸು ಹತ್ತುತ್ತೇನೆ.